ಗೇಟಿಗೆ ಕುರ್ಚಿ ಅಡ್ಡವಿಟ್ಟವಳು

ಹೊಸ ವರ್ಷ ಕಳೆದು ಸಂಕ್ರಾಂತಿ ಬರುವುದರೊಳಗೆ ಪಾರ್ಟಿಯ ಕುಡಿತದ ಮೇಲೆ ಜಗಳವಾಡಿಕೊಂಡ ದಂಪತಿಗಳು ಆಪ್ತಸಲಹೆಗೆ ನನ್ನ ಬಳಿ ಬರುವುದು ಈಚೆಗೆ ವಾಡಿಕೆಯೇ ಆಗಿದೆ. ಇವರ ಪ್ರಕರಣ ಮಾತ್ರ ಬಹಳ ದಿನ ಕಾಡಿತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಕಲಬುರಗಿಯವರು. ಇಬ್ಬರಿಗೂ ನೌಕರಿ, ಹನ್ನೊಂದು ವರ್ಷದ ಮಗಳು. 2024ರ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಅಂದು ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಎರಚಿ, ನೆಂಟರಿಗೆಲ್ಲ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬಡಿಸಿದ್ದರು. ಮರುರಾತ್ರಿ ಮಾಳಿಗೆಯ ಮೇಲೆ ಗೆಳೆಯರಿಗೆ ಪಾರ್ಟಿ. ಗಂಡ ಕುಡಿದರು, ಹೆಂಡತಿಯೂ ಕುಡಿದರು.

"ಇವರೇ ಸುರಿದು ಕೊಟ್ಟರು ಮೇಡಂ" ಎಂದರು ಹೆಂಡತಿ. "ಬೇಡವೆಂದಿದ್ದರೆ ಬಲವಂತ ಮಾಡುತ್ತಿದ್ದೆನೇ?" ಎಂದರು ಗಂಡ. ಅರ್ಧ ಗಂಟೆ ಇದೇ ನಡೆಯಿತು. ನಾನು ನಡುವೆ ಬಾಯಿ ಹಾಕಿ, "ಕೊನೆಯವರು ಎದ್ದು ಹೋದದ್ದು ಎಷ್ಟು ಹೊತ್ತಿಗೆ?" ಎಂದೆ. ಇಬ್ಬರಿಗೂ ನೆನಪಿಲ್ಲ. "ಗೇಟಿಗೆ ಕೀಲಿ ಹಾಕಿದವರು?"

ಹೆಂಡತಿ ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತುತ್ತ ಕುಳಿತರು. ಬೆಳಿಗ್ಗೆ ಹಾಲಿನವನು ಕೂಗಿದಾಗ ಎದ್ದು ನೋಡಿದರಂತೆ. ಗೇಟಿಗೆ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಅಡ್ಡವಿತ್ತು. ಅದರ ಮೇಲೆ ನೀರು ತುಂಬಿದ ಕೊಡ. ಕೀಲಿಕೈ ಗಂಡನ ಜೇಬಿನಲ್ಲೇ ಉಳಿದಿತ್ತು. "ಎಬ್ಬಿಸಿದೆ ಮಮ್ಮಿ, ನೀವಿಬ್ಬರೂ ಏಳಲಿಲ್ಲ" ಎಂದಳಂತೆ ಮಗಳು. ಉಳಿದ ಬಿರಿಯಾನಿಗೆ ತಟ್ಟೆ ಮುಚ್ಚಿದವಳೂ ಅವಳೇ.

ಗಂಡನಿಗೆ ಕುರ್ಚಿಯ ಸಂಗತಿ ಗೊತ್ತೇ ಇರಲಿಲ್ಲ. ಜೇಬಿನಿಂದ ಕೀಲಿಕೈ ಗೊಂಚಲು ತೆಗೆದು ನನ್ನ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಿದ್ದರು. ಸುರಿದವರು ಯಾರೆಂಬ ಜಗಳ ಅಲ್ಲಿಗೆ ನಿಂತಿತು.

ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಕುಡಿತದ ಪರೀಕ್ಷೆಯನ್ನು ಇಬ್ಬರಿಗೂ ಮಾಡಿದೆ. ಚಟದ ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಅಂಥವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು. ಇವರದು ಆತಿಥ್ಯದ ಕುಡಿತ. ಅತಿಥಿ ತನ್ನ ಪಾಲಿನದನ್ನು ಕುಡಿದು ಹೋಗುತ್ತಾನೆ, ಕರೆದವರು ಬಂದವರೆಲ್ಲರ ಜೊತೆಗೂ ಗ್ಲಾಸು ಎತ್ತುತ್ತಾರೆ, ಅದೂ ಉಪವಾಸದ ಹೊಟ್ಟೆಯಲ್ಲಿ. ಬಡಿಸುವ ಗಡಿಬಿಡಿಯಲ್ಲಿ ಆ ರಾತ್ರಿ ಇಬ್ಬರೂ ಉಂಡಿರಲಿಲ್ಲ. 30 ಮಿಲಿಲೀಟರ್ ವಿಸ್ಕಿ ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ ಬೇಕು, ಮಜ್ಜಿಗೆ ಕುಡಿದರೂ ನಿಂಬೆಹಣ್ಣು ಹಿಂಡಿದರೂ ಆ ಲೆಕ್ಕ ಬದಲಾಗದು.

ನಾನು ಹೇಳಿದ್ದು ಇಷ್ಟು: ಮಗಳೆದುರು ಕುಳಿತು ತಪ್ಪಾಯಿತೆನ್ನಿ, ಕಾರಣ ಹೇಳಬೇಡಿ. ಒಂದು ವರ್ಷ ಮನೆಯಲ್ಲಿ ಮದ್ಯದ ಕೂಟ ಬೇಡ. ಆಮೇಲೂ ಯಾರನ್ನಾದರೂ ಕರೆದರೆ ಇಬ್ಬರಲ್ಲಿ ಒಬ್ಬರು ಮುಟ್ಟಲೇಬಾರದು, ಕೀಲಿಕೈ ಅವರ ಕೈಯಲ್ಲೇ ಇರಲಿ.

ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, "ಪೂರ್ತಿ ಬಿಡಿಸಬೇಕಿತ್ತು, ನೀವು ಸಡಿಲ ಬಿಟ್ಟಿರಿ" ಎಂದರು. ಇರಬಹುದು. ಆದರೆ ಹೆದರಿಸಿ ಮಾಡಿಸಿದ ಆಣೆಗಳು ಯುಗಾದಿಗೆ ಮುರಿದದ್ದನ್ನು ಸಾಕಷ್ಟು ಕಂಡಿದ್ದೇನೆ. ಅಲ್ಲದೆ, ತಪ್ಪೊಪ್ಪಿಕೊಳ್ಳುವುದೇ ಅವರಿಗೆ ಕುಡಿತ ಬಿಡುವುದಕ್ಕಿಂತ ಕಷ್ಟವಾಯಿತು. ಗಂಡ ಮೂರು ದಿನ ಮುಂದೂಡಿದರಂತೆ.

ಮುಂದಿನ ಎಳ್ಳಮಾವಾಸ್ಯೆಯ ಸಂಜೆ ಹೆಂಡತಿ ಫೋನ್ ಮಾಡಿದ್ದರು. ಹೊಲಕ್ಕೆ ಕರೆದದ್ದಕ್ಕಿಂತ ಹೆಚ್ಚು ಮಂದಿ ಬಂದು ಭಜ್ಜಿ ಸಾಲದೆ ಹೋಯಿತೆಂದು ಬೇಸರಪಟ್ಟುಕೊಂಡರು. ಹೊಸ ವರ್ಷದ ರಾತ್ರಿ ಏನು ಮಾಡುತ್ತೀರೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು: "ಕೀಲಿ ಹಾಕುವ ಕೆಲಸ ಇವರದು."