ಫೋಟೋ ಹಾಕೋಕೆ ಅಡ್ಮಿನ್ ಮಾಡಬೇಕಿಲ್ಲ

ವೆಬ್‌ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಕಾಂಟ್ರಿಬ್ಯೂಟರ್ (ಬರೆದುಕೊಡಬಹುದು, ಆದರೆ ತಾವೇ ಪ್ರಕಟಿಸಲಾಗದ ಬಳಕೆದಾರರು) ಆಗಿರುವವರಿಗೆ ಫೋಟೋ ಹಾಕಲು ಆಗುತ್ತಿಲ್ಲ, ಎಲ್ಲರನ್ನೂ ಅಡ್ಮಿನ್ ಮಾಡಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅಡ್ಮಿನ್ ಆದವರು ಪ್ಲಗಿನ್ (ಸೈಟ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ತೆಗೆಯಬಹುದು, ನಿಮ್ಮ ಖಾತೆಯನ್ನೇ ಅಳಿಸಬಹುದು, ಅವರಲ್ಲಿ ಒಬ್ಬರ ಪಾಸ್‌ವರ್ಡ್ ಕಳುವಾದರೂ ಇಡೀ ಸೈಟ್ ಹೋದಂತೆಯೇ. ಆಥರ್ ಎಂಬ ಇನ್ನೊಂದು ದರ್ಜೆ ಕೊಟ್ಟರೆ ಅವರು ಫೋಟೋ ಹಾಕಬಹುದು ನಿಜ, ಆದರೆ ನೀವು ನೋಡುವ ಮೊದಲೇ ಬರಹವನ್ನು ಪ್ರಕಟಿಸಿಯೂಬಿಡಬಹುದು, ಅದು ನಿಮಗೆ ಬೇಡ ಅಲ್ವಾ? ಹಾಗಾಗಿ ಯೂಸರ್ ರೋಲ್ ಎಡಿಟರ್ ಪ್ಲಗಿನ್ ಹಾಕಿ, ಕಾಂಟ್ರಿಬ್ಯೂಟರ್ ಆರಿಸಿ, ‘ಅಪ್‌ಲೋಡ್ ಫೈಲ್ಸ್’ಗೆ ಟಿಕ್ ಕೊಟ್ಟು ಅಪ್‌ಡೇಟ್ ಒತ್ತಿ. ಈ ಬದಲಾವಣೆ ಸೈಟ್‌ನ ಡೇಟಾಬೇಸ್‌ನಲ್ಲಿ ಉಳಿಯುತ್ತದೆ, ಪ್ಲಗಿನ್ ಆಫ್ ಮಾಡಿದರೂ ಹೋಗುವುದಿಲ್ಲ. ಬೇಡ ಅನ್ನಿಸಿದರೆ ಟಿಕ್ ನೀವೇ ತೆಗೆಯಬೇಕು. ಹಾಂ, ಪ್ರಕಟವಾದ ಮೇಲೆ ಕಾಂಟ್ರಿಬ್ಯೂಟರ್‌ಗಳು ತಮ್ಮ ಬರಹವನ್ನು ತಿದ್ದಲು ಆಗುವುದಿಲ್ಲ, ಅದನ್ನು ಮೊದಲೇ ಅವರಿಗೆ ಹೇಳಿಡಿ.