ಎಲೆಯಂಚು ಸುಟ್ಟ ಗುಲಾಬಿಗೆ ಪೊಟ್ಯಾಷ್ ಹಾಕುವ ಮುನ್ನ

ನಿಮ್ಮ ಗುಲಾಬಿಗೆ ಹಾಕಬೇಕೆಂದಿರುವ ಆ ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್ ರೂಪದ ಪೊಟ್ಯಾಷ್ ಗೊಬ್ಬರ) ಚೀಲವನ್ನು ದಯವಿಟ್ಟು ಕಟ್ಟಿಡಿ. ಎಲೆಯಂಚು ಸುಟ್ಟಿರುವುದನ್ನು ನೀವು ಪೊಟ್ಯಾಷ್ ಕೊರತೆ ಎಂದುಕೊಂಡಿದ್ದೀರಿ. ನಾಲ್ಕು ವರ್ಷಗಳ ಹಿಂದೆ ನಾನೂ ಹಾಗೆಯೇ ತಿಳಿದು, ಮೊದಲೇ ಉಪ್ಪೇರಿದ್ದ ಹದಿನಾಲ್ಕು ಕುಂಡಗಳಿಗೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಇನ್ನೊಂದು ಉಪ್ಪನ್ನು ಹಾಕಿ, ಹನ್ನೊಂದು ಗುಲಾಬಿ ಗಿಡಗಳನ್ನು ಕಳೆದುಕೊಂಡೆ. ಮೂಲ ತಪ್ಪು ನೀರಿನದು. ನಿಮ್ಮಂತೆಯೇ ನಾನೂ ಸಾಫ್ಟ್‌ನರ್ (ಗಡಸು ನೀರನ್ನು ಮೆದುಗೊಳಿಸುವ ಯಂತ್ರ) ದಾಟಿ ಬಂದ ಕೊಳವೆಬಾವಿ ನೀರನ್ನು ಹಾಕುತ್ತಿದ್ದೆ. ಆ ಯಂತ್ರವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಬಟ್ಟೆಗೆ ಒಳ್ಳೆಯದು, ಬೇರಿಗೆ ಅಲ್ಲ.

ಉಪ್ಪು ತಡೆಯುವ ಜೀನ್ ಇರುವ ಗುಲಾಬಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಅಂಥ ಜೀನ್‌ಗಳು ನಿಮ್ಮ ಗಿಡದಲ್ಲೂ ಇವೆ. ಅವು ಎಷ್ಟು ಚುರುಕು ಎಂಬುದರಲ್ಲಿ ವ್ಯತ್ಯಾಸ. ವಿಜ್ಞಾನಿಗಳು ಪ್ರಯೋಗಕ್ಕೆ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಕಂಡುಕೊಂಡಂತೆ, ಎಸ್‌ಒಎಸ್-1 ಎಂಬ ಜೀನ್ ಬೇರಿನ ಕೋಶದಿಂದ ಸೋಡಿಯಂ ಹೊರದೂಡುತ್ತದೆ, ಎಚ್‌ಕೆಟಿ-1 ಅದು ಎಲೆಗೆ ಏರದಂತೆ ರಸವಾಹಿನಿಯಿಂದ ಹಿಂದಕ್ಕೆ ಸೆಳೆಯುತ್ತದೆ, ಎನ್‌ಎಚ್‌ಎಕ್ಸ್-1 ಒಳನುಗ್ಗಿದ್ದನ್ನು ರಸದಾನಿಯಲ್ಲಿ (ಕೋಶದೊಳಗಿನ ದ್ರವ ತುಂಬಿದ ಚೀಲ, ವ್ಯಾಕ್ಯುಯೋಲ್) ಕೂಡಿಹಾಕುತ್ತದೆ. ಎಸ್‌ಒಎಸ್-1ನ್ನು ಎಚ್ಚರಿಸುವ ಸರಪಳಿ ಆರಂಭವಾಗುವುದೇ ಕ್ಯಾಲ್ಸಿಯಂ ಸಂಕೇತದಿಂದ. ಮಣ್ಣಿನ ಕ್ಯಾಲ್ಸಿಯಂ ಬೇರಿಗೆ ಸೋಡಿಯಂ ನುಗ್ಗುವುದನ್ನೂ ತಗ್ಗಿಸುತ್ತದೆ. ಸಾಫ್ಟ್‌ನರ್ ಕಿತ್ತುಕೊಳ್ಳುವುದು ಅದನ್ನೇ! (ಜಪಾನಿನ ಮಾರ್ನಿಂಗ್ ಗ್ಲೋರಿಯ ಹೂವು ನೀಲಿಯಾಗುವುದೂ ಇದೇ ಎನ್‌ಎಚ್‌ಎಕ್ಸ್ ಬಗೆಯ ಜೀನ್ ರಸದಾನಿಯ ಹುಳಿಯನ್ನು ಇಳಿಸುವುದರಿಂದ; ಅದು ಕೆಟ್ಟರೆ ಹೂವು ನೇರಳೆ. ಹಾಗೆಂದು ನೀಲಿ ಹೂವೆಲ್ಲ ಉಪ್ಪು ತಾಳುತ್ತದೆ ಎಂದು ಹೊರಡಬೇಡಿ.) ಕಸಿ ಗುಲಾಬಿಯ ಬೇರು ರೂಟ್‌ಸ್ಟಾಕಿನದು (ಹೂವಿನ ತಳಿಯನ್ನು ಕಸಿ ಕಟ್ಟಿದ ಬುಡದ ಗಿಡ), ಆದ್ದರಿಂದ ನರ್ಸರಿಯಲ್ಲಿ ಹೂವಿನ ಹೆಸರಿಗಿಂತ ಮೊದಲು ರೂಟ್‌ಸ್ಟಾಕ್ ಯಾವುದೆಂದು ಕೇಳಿ. ಉತ್ತರಿಸಲಾರದವರಲ್ಲಿ ನಾನು ಗಿಡ ಕೊಳ್ಳುವುದಿಲ್ಲ.

ನನ್ನ ಉಳಿದ ಮೂರು ಗಿಡಗಳು ಬದುಕಿದ್ದು ಹೀಗೆ: ಸಾಫ್ಟ್‌ನರಿಗೆ ಮುಂಚಿನ ನಲ್ಲಿಯಿಂದ ನೀರು ಹಿಡಿದು, ಅರ್ಧದಷ್ಟು ಮಳೆನೀರು ಬೆರೆಸಿ, ಕುಂಡಕ್ಕೆ ಹಿಡಿಯುವ ಮಣ್ಣಿನ ಮೂರರಷ್ಟು ಅಳತೆಯ ನೀರನ್ನು ನಿಧಾನವಾಗಿ ಹಾಯಿಸಿ, ಕೆಳಗೆ ಸೋರಿದ ನೀರಿನ ಇ.ಸಿ.ಯನ್ನು (ವಿದ್ಯುದ್ವಾಹಕತೆ, ನೀರಿನಲ್ಲಿ ಉಪ್ಪೆಷ್ಟು ಎಂಬುದರ ಅಳತೆ) ಮೀಟರಿನಲ್ಲಿ ನೋಡುತ್ತ, ಅದು ಒಳಗೆ ಹಾಕುವ ನೀರಿನ ಇ.ಸಿ.ಯ ಹತ್ತಿರಕ್ಕೆ ಇಳಿಯುವವರೆಗೆ ಬಿಡಲಿಲ್ಲ. ಅನಂತರ ಕ್ಯಾಲ್ಸಿಯಂಗಾಗಿ ಕುಂಡಕ್ಕೊಂದು ಚಮಚ ಜಿಪ್ಸಂ. ತಳದ ತೂತು ಕಟ್ಟಿದ್ದರೆ ಹೀಗೆ ನೀರು ಹಾಯಿಸಲೇಬೇಡಿ, ಬೇರು ಕೊಳೆಯುತ್ತದೆ. ಸೋರಿದ ನೀರನ್ನು ತಟ್ಟೆಯಲ್ಲಿ ನಿಲ್ಲಲು ಬಿಟ್ಟರೆ ಉಪ್ಪು ಮರಳಿ ಮೇಲೇರುತ್ತದೆ. ಅಗ್ಗದ ಮೀಟರನ್ನು 1413ರ (ಇ.ಸಿ. 1413 µS/cm ಎಂದು ಗೊತ್ತಿರುವ) ದ್ರಾವಣದಲ್ಲಿ ಸರಿಪಡಿಸಿಕೊಳ್ಳದೆ ನಂಬಬೇಡಿ. ಚಿಗುರು ಬರುವವರೆಗೆ ಗೊಬ್ಬರ ಬೇಡ. ಆಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಅರ್ಧ ಪ್ರಮಾಣದಲ್ಲಿ ಸಾಕು, ಯಾವ ಕಂಪನಿಯದಾದರೂ ಸರಿ. ಪೊಟ್ಯಾಷ್ ಬೇಕೇ ಬೇಕೆಂದರೆ ಎಸ್‌ಒಪಿ (ಕ್ಲೋರೈಡ್ ಬದಲು ಸಲ್ಫೇಟ್ ಇರುವ ಪೊಟ್ಯಾಷ್) ಹಾಕಿ. ‘ಉಪ್ಪು ನಿವಾರಕ’ ಎಂಬ ಬಾಟಲಿಗಳಿಗೆ ಹಣ ಸುರಿಯಬೇಡಿ.

ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಗುಲಾಬಿಗೆ ಹಾಕುವವರೂ ಇದ್ದಾರೆ. ಅದು ಇನ್ನೂ ಉಪ್ಪಾದ ನೀರು. ಚೆಲ್ಲಲು ಮನಸ್ಸಾಗದಿದ್ದರೆ ಕಣಗಿಲೆಗೋ ಬೋಗನ್‌ವಿಲ್ಲಾಗೋ ಹಾಕಿ, ಅವು ತಾಳಿಕೊಳ್ಳುತ್ತವೆ.