ಅಂಗುಳದ ಸೀಳಿಗೆ ಶಸ್ತ್ರಚಿಕಿತ್ಸೆ: ಆರು ತಿಂಗಳಿಗೋ, ವರ್ಷ ತುಂಬಿದ ಮೇಲೋ?

ನಿಮ್ಮ ತಂಗಿಯ ಮಗುವಿಗೆ ಈಗ ಐದು ತಿಂಗಳು, ತುಟಿ ಸರಿಯಾಗಿದ್ದು ಅಂಗುಳ ಮಾತ್ರ ಸೀಳಿದೆ, ಒಬ್ಬ ವೈದ್ಯರು ಆರು ತಿಂಗಳಿಗೇ ಮಾಡಿಸಿ ಎಂದರೆ ಇನ್ನೊಬ್ಬರು ವರ್ಷ ತುಂಬಲಿ ಎಂದಿದ್ದಾರೆ, ಸಂಶೋಧನೆ ಏನು ಹೇಳುತ್ತದೆ ಎಂದು ಕೇಳಿದ್ದೀರಿ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು, ವಾಕ್ ಚಿಕಿತ್ಸಕಿ. ಶಸ್ತ್ರಚಿಕಿತ್ಸೆ ಮಾಡುವವಳಲ್ಲ, ಅದು ಮುಗಿದ ಮೇಲೆ ಮಾತು ಸರಿಯಾಗಲಿಲ್ಲವೆಂದು ಬರುವ ಮಕ್ಕಳನ್ನು ನೋಡುವವಳು. ಆ ಅನುಭವದಿಂದಲೇ ಉತ್ತರಿಸುತ್ತಿದ್ದೇನೆ.

ಮೊದಲಿಗೆ, ಇಬ್ಬರಲ್ಲಿ ಯಾರೂ ನಿಮ್ಮನ್ನು ದಾರಿತಪ್ಪಿಸಿಲ್ಲ. ಈ ವಿಷಯದಲ್ಲಿ ವೈದ್ಯರ ನಡುವಿನ ಭಿನ್ನಾಭಿಪ್ರಾಯ ಹಳೆಯದು. ಯುರೋಪಿನಲ್ಲಿ ಯೂರೋಕ್ಲೆಫ್ಟ್ ಯೋಜನೆಯವರು ಸಮೀಕ್ಷೆ ನಡೆಸಿದಾಗ, ಒಂದು ಬದಿಯ ಸೀಳಿಗೆ ಚಿಕಿತ್ಸೆ ನೀಡುತ್ತಿದ್ದ 201 ತಂಡಗಳು 194 ಬಗೆಯ ಕ್ರಮಗಳನ್ನು ಅನುಸರಿಸುತ್ತಿದ್ದವು. ಪ್ರತಿಯೊಬ್ಬರೂ ತಾವು ಕಲಿತದ್ದನ್ನೇ ಮಾಡುತ್ತಿದ್ದರು. ಒಂದನ್ನು ಇನ್ನೊಂದರ ಎದುರು ಇಟ್ಟು ಅಳೆದವರು ತೀರಾ ಕಡಿಮೆ.

ನಿಮ್ಮ ಪ್ರಶ್ನೆಯನ್ನೇ ನೇರವಾಗಿ ಅಳೆದ ಅಧ್ಯಯನವೊಂದು 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಟಾಪ್ಸ್ ಎಂಬುದು ಅದರ ಹೆಸರು. ಯುರೋಪು ಮತ್ತು ದಕ್ಷಿಣ ಅಮೆರಿಕದ 23 ಕೇಂದ್ರಗಳಲ್ಲಿ, ಅಂಗುಳದ ಸೀಳು ಮಾತ್ರ ಇದ್ದ 558 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರನೆಯ ತಿಂಗಳಲ್ಲೂ ಇನ್ನೊಂದಕ್ಕೆ ಹನ್ನೆರಡನೆಯ ತಿಂಗಳಲ್ಲೂ ಒಂದೇ ವಿಧಾನದ ಶಸ್ತ್ರಚಿಕಿತ್ಸೆ ಮಾಡಿದರು. ಮಕ್ಕಳಿಗೆ ಐದು ವರ್ಷವಾದಾಗ ಅವರ ಮಾತನ್ನು ಧ್ವನಿಮುದ್ರಿಸಿ, ಯಾವ ಮಗು ಯಾವ ಗುಂಪಿನದೆಂದು ತಿಳಿಯದ ವಾಕ್ ತಜ್ಞರಿಂದ ಪರೀಕ್ಷೆ ಮಾಡಿಸಿದರು. ಮಾತನಾಡುವಾಗ ಮೃದು ಅಂಗುಳ ಮೇಲೆದ್ದು ಗಂಟಲಿನ ಹಿಂಗೋಡೆಗೆ ತಾಗಿ ಮೂಗಿನ ದಾರಿಯನ್ನು ಮುಚ್ಚಬೇಕು. ಆ ಕೆಲಸ ಸಾಲದಾದ ಮಕ್ಕಳು ಆರು ತಿಂಗಳ ಗುಂಪಿನಲ್ಲಿ 235ಕ್ಕೆ 21, ಅಂದರೆ ಶೇಕಡ 8.9, ಹನ್ನೆರಡು ತಿಂಗಳ ಗುಂಪಿನಲ್ಲಿ 226ಕ್ಕೆ 34, ಅಂದರೆ ಶೇಕಡ 15.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಕ್ಕಳು ‘ಬಬಬ’, ‘ದದದ’ ಎಂದು ತೊದಲಲು ತೊಡಗುವುದು ಆರೇಳು ತಿಂಗಳ ಹೊತ್ತಿಗೆ. ಆಗ ಅಂಗುಳ ತೆರೆದೇ ಇದ್ದರೆ ಗಾಳಿಯೆಲ್ಲ ಮೂಗಿಗೆ ಸೋರಿ ಬಾಯಿಯಲ್ಲಿ ಒತ್ತಡ ನಿಲ್ಲುವುದಿಲ್ಲ. ಮಗು ಆ ಸದ್ದನ್ನು ಬಿಟ್ಟು ಗಂಟಲಿನಲ್ಲೇ ಬೇರೊಂದು ಸದ್ದನ್ನು ಹುಟ್ಟಿಸಿಕೊಳ್ಳುತ್ತದೆ. ಒಮ್ಮೆ ಅಂಟಿದ ಆ ಅಭ್ಯಾಸವನ್ನು ಬಿಡಿಸಲು ನನಗೆ ಕೆಲವೊಮ್ಮೆ ವರ್ಷಗಳೇ ಹಿಡಿದಿವೆ.

ಹಾಗೆಂದು ಈ ಅಂಕಿಗಳನ್ನು ಹಿಡಿದು ವರ್ಷ ತುಂಬಲಿ ಎಂದ ವೈದ್ಯರ ಮುಂದೆ ವಾದಕ್ಕೆ ನಿಲ್ಲಬೇಡಿ. ಲಾಭ ನಿಜ, ಆದರೆ ಅದರ ಅಂಚು ತೆಳು. ತಡವಾಗಿ ಮಾಡಿಸಿಕೊಂಡವರಲ್ಲೂ ಹೆಚ್ಚಿನ ಮಕ್ಕಳ ಅಂಗುಳ ಚೆನ್ನಾಗಿಯೇ ಕೆಲಸ ಮಾಡಿತು. ಅಲ್ಲದೆ ಅಲ್ಲಿ ಸೇರಿಸಿಕೊಂಡದ್ದು ಬೇರೆ ಕಾಯಿಲೆಯಿಲ್ಲದ, ಶಸ್ತ್ರಚಿಕಿತ್ಸೆ ತಾಳಬಲ್ಲ ಶಿಶುಗಳನ್ನು ಮಾತ್ರ, ಮತ್ತು ಅಷ್ಟು ಚಿಕ್ಕ ಮಗುವಿಗೆ ಅರಿವಳಿಕೆ ಕೊಟ್ಟು ನೋಡಿಕೊಳ್ಳಬಲ್ಲ ಕೇಂದ್ರಗಳಲ್ಲಿ. ನಮ್ಮಲ್ಲಿ ಸೀಳು ಅಂಗುಳದ ಅನೇಕ ಮಕ್ಕಳು ಮೊಲೆ ಚೀಪಲಾಗದೆ ತೂಕ ಕಳೆದುಕೊಂಡು, ರಕ್ತ ಕಡಿಮೆಯಾಗಿ ಬರುತ್ತಾರೆ. ಅಂಥ ಮಗುವಿಗೆ ಎರಡು ಮೂರು ತಿಂಗಳು ಕಾಯುವುದೇ ಸರಿ ಎನ್ನುವ ವೈದ್ಯರ ಮಾತನ್ನು ನಾನು ಒಪ್ಪುತ್ತೇನೆ. ಅಲ್ಲಿಯವರೆಗೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ, ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಸ್ವಲ್ಪಸ್ವಲ್ಪವೇ ಕೊಡಲಿ. ಮಲಗಿಸಿ ಕುಡಿಸಿದರೆ ಹಾಲು ಮೂಗಿಗೆ ಏರುತ್ತದೆ. (ಗ್ರಹಣದ ದಿನ ತರಕಾರಿ ಹೆಚ್ಚಿದ್ದರಿಂದ ಹೀಗಾಯಿತೆಂದು ತಂಗಿಯನ್ನು ಯಾರಾದರೂ ನೋಯಿಸುತ್ತಿದ್ದರೆ ದಯವಿಟ್ಟು ತಡೆಯಿರಿ. ಗರ್ಭದ ಮೊದಲ ಮೂರು ತಿಂಗಳೊಳಗೆ ಅಂಗುಳದ ಎರಡು ಭಾಗಗಳು ಕೂಡದೆ ಹೋದದ್ದು ಇದು, ಅವಳ ತಪ್ಪಲ್ಲ.)

ನನಗೆ ತಿಂಗಳುಗಳ ಲೆಕ್ಕಕ್ಕಿಂತ ಹೆಚ್ಚು ಕಳವಳ ಇರುವುದು ಶಸ್ತ್ರಚಿಕಿತ್ಸೆಯ ಆಮೇಲಿನ ವರ್ಷಗಳ ಬಗ್ಗೆ. ನಮ್ಮ ಊರ ಕಡೆಯ ಏಳು ವರ್ಷದ ಹುಡುಗನೊಬ್ಬನನ್ನು ತಾಯಿ ನನ್ನಲ್ಲಿಗೆ ಕರೆತಂದಿದ್ದರು. ಹತ್ತನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಗಿ ಗಾಯ ಚೆನ್ನಾಗಿ ಮಾಗಿತ್ತು. ಮೂರನೆಯ ವರ್ಷದಲ್ಲಿ ಒಂದು ಆಸ್ಪತ್ರೆಯವರು ಚಿತ್ರ ತೋರಿಸಿ ಮಲಯಾಳದಲ್ಲಿ ಹೆಸರು ಕೇಳಿದ್ದರು. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿದ್ದ ಮಗು ಬಾಯಿ ಬಿಡಲಿಲ್ಲ. ಮಾತಿನ ಬೆಳವಣಿಗೆ ನಿಧಾನ ಎಂದು ಬರೆದು ಕಳುಹಿಸಿದರು. ನಾನು ಅವನ ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದು ‘ಕಾಗೆ ಕಾಲು ಕಪ್ಪು’ ಎನ್ನಿಸಿದೆ. ಆ ಮೂರು ಮಾತುಗಳಲ್ಲಿ ಮೂಗಿನ ಅಕ್ಷರ ಒಂದೂ ಇಲ್ಲ, ಆದ್ದರಿಂದ ಕನ್ನಡಿ ಹಾಗೆಯೇ ಉಳಿಯಬೇಕು. ಅವನು ‘ಕಪ್ಪು’ ಎನ್ನಹೋದದ್ದು ‘ಕಮ್ಮು’ ಎಂದು ಕೇಳಿಸಿತು, ಕನ್ನಡಿ ಮಂಜಾಯಿತು. ಮೃದು ಅಂಗುಳ ಹಿಂಗೋಡೆಗೆ ಮುಟ್ಟುತ್ತಿರಲಿಲ್ಲ. ಇಂಥ ಸೋರಿಕೆಗೆ ಬಾಯಿಯ ಅಭ್ಯಾಸವೊಂದೇ ಸಾಲದು. ಅವನಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಯಿತು. ನಾಲ್ಕು ವರ್ಷ ಮೊದಲೇ ಅದು ತಿಳಿಯಬಹುದಿತ್ತೆಂಬ ಸಂಕಟ ನನಗೆ ಇನ್ನೂ ಇದೆ.

ಆದ್ದರಿಂದ ಎರಡೂ ಕಡೆ ಈ ಪ್ರಶ್ನೆಗಳನ್ನು ಕೇಳಿ: ವರ್ಷಕ್ಕೆ ಎಷ್ಟು ಅಂಗುಳದ ಶಸ್ತ್ರಚಿಕಿತ್ಸೆ ಮಾಡುತ್ತೀರಿ, ಶಿಶುಗಳ ಅರಿವಳಿಕೆ ತಜ್ಞರು ಇದ್ದಾರೆಯೇ, ಐದು ವರ್ಷದವರೆಗೆ ಮಾತನ್ನು ಯಾರು ನೋಡುತ್ತಾರೆ, ಅದು ಕನ್ನಡದಲ್ಲಿ ನಡೆಯುತ್ತದೆಯೇ? ಕಿವಿಯ ಪರೀಕ್ಷೆಯನ್ನೂ ಮರೆಯಬೇಡಿ. ಈ ಮಕ್ಕಳಲ್ಲಿ ನಡುಗಿವಿಯಲ್ಲಿ ದ್ರವ ತುಂಬಿ ಕೇಳ್ಮೆ ಮಂದವಾಗುವುದು ತೀರಾ ಸಾಮಾನ್ಯ. ಕಾಸರಗೋಡಿನವರಿಗೆ ಮಂಗಳೂರಿನ ಬಳಿಯ ದೇರಳಕಟ್ಟೆಯ ಆಸ್ಪತ್ರೆಗಳು ಹತ್ತಿರ, ತ್ರಿಶೂರಿನ ಜುಬಿಲಿ ಮಿಷನ್ ಆಸ್ಪತ್ರೆಯಲ್ಲಿ ಡಾ. ಹಿರ್ಜಿ ಅಡೆನ್‌ವಾಲಾ ಕಟ್ಟಿದ ಕೇಂದ್ರವಿದೆ, ಕನ್ನಡದಲ್ಲಿ ಮಾತಿನ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ಮಗುವಿನ ಈಗಿನ ತೂಕ ಮತ್ತು ಹಿಮೋಗ್ಲೋಬಿನ್ ಎಷ್ಟೆಂದು ಇಲ್ಲಿ ಬರೆದರೆ, ವೈದ್ಯರಲ್ಲಿ ಮುಂದೆ ಏನು ಕೇಳಬೇಕೆಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.